ನಿದ್ದೆಯ ಔಷಧಿ ಮತ್ತು ಬೀಗರ ರುಮಾಲು

ತಂಗಿ ಗಿರಿಜೆಗೆ ನೋಡಿದ ಎರಡು ಸಂಬಂಧಗಳು ಮುರಿದುಬಿದ್ದ ಮೇಲೆ ನನಗೆ ರೆಪ್ಪೆಗೆ ರೆಪ್ಪೆ ಹತ್ತುತ್ತಿರಲಿಲ್ಲ. ತಾಂಡೂರಿನ ದವಾಖಾನೆಯ ಡಾಕ್ಟರು ಒಂದು ಬಾಟ್ಲಿ ಔಷಧಿ ಕೊಟ್ಟು, "ಮಾಸ್ತರೇ, ಮಲಗುವಾಗ ಒಂದೇ ಗುಟುಕು. ಮ್ಯಾಲೊಂದು ಹನಿ ಬ್ಯಾಡ," ಎಂದರು.

ಮಲಗುವಾಗ ಕುಡಿದರೆ ಏನಾಗುತ್ತದೆಂದು ನೋಡುವವರು ಯಾರು? ನಿದ್ದೆ ಮೊದಲು ಕಾಲಿಗೆ ಬರುತ್ತದೋ ತಲೆಗೆ ಬರುತ್ತದೋ ಎಂಬ ಮಹತ್ವದ ಪ್ರಶ್ನೆ ನನ್ನಲ್ಲಿ ಉದ್ಭವಿಸಿತು. ನಿಜಾಮರ ಕಾಲ, ಶುಕ್ರವಾರ ಸ್ಕೂಲಿಗೆ ರಜಾ; ಅಂದು ಶುಕ್ರವಾರವೇ. ಗಿರಿಜೆಯನ್ನು ನೋಡಲು ಧಾರೂರಿನವರು ಬರುವುದಿತ್ತು, ಆದರೆ ಸಂಜೆಯ ಗಾಡಿಗೆ. ಮಧ್ಯಾಹ್ನವೆಲ್ಲ ನನ್ನದೇ! ಒಂದು ಗುಟುಕು ಕುಡಿದು ಗೋಡೆಗೆ ಒರಗಿ ಕಾದೆ. ಏನೂ ಆಗಲಿಲ್ಲ. ಡಾಕ್ಟರು ಬರೀ ನೀರು ಕೊಟ್ಟಿದ್ದಾರೆಂದು ಇನ್ನೆರಡು ಗುಟುಕು ಏರಿಸಿದೆ.

ಆಗ ಶುರುವಾಯಿತು ನೋಡಿ! ಮೊಣಕಾಲುಗಳು ಹತ್ತಿಯಾದವು. ನೆಲದ ಹಾಸುಗಲ್ಲುಗಳು ಮೆಲ್ಲಗೆ ತೂಗತೊಡಗಿದವು. ನಾಲಿಗೆ ಬಾಯಲ್ಲಿದೆಯೋ ಇಲ್ಲವೋ ತಿಳಿಯದಾಯಿತು. ಬುದ್ಧಿ ಮಾತ್ರ ಎಂದಿಗಿಂತ ಚುರುಕಾಗಿದೆ ಎನಿಸಿತು. ಹಾಗೆ ಅನಿಸಿದ್ದೇ ಔಷಧಿಯ ಪ್ರಭಾವ!

ಹೆಂಡತಿ ಶಾಂತವ್ವ ಓಡಿ ಬಂದಳು. "ರೀ, ಏಳ್ರಿ! ಅವರು ಮೊದಲಿನ ಗಾಡಿಗೇ ಬಂದಾರ!"

ಹುಡುಗನ ತಂದೆ ಒಳಗೆ ಬಂದು, ತಲೆಗೆ ಸುತ್ತಿದ ರುಮಾಲು ತೆಗೆದು ಪಕ್ಕಕ್ಕಿಟ್ಟು ಕೂತರು. "ಏನ್ರಿ ಮಾಸ್ತರೇ, ಆರಾಮ ಇದ್ದೀರೇನ್ರಿ?"

ನನ್ನ ಚಿಂತೆ ಆಗ ಒಂದೇ. "ಸಾಹೇಬ್ರ, ನನ್ನ ನಾಲಿಗಿ ಅದನೋ ಇಲ್ಲೋ, ಜರಾ ನೋಡ್ರಿ," ಎಂದು ಬಾಯಿ ತೆರೆದೆ.

ಅವರು ಬಗ್ಗಿ ನೋಡಿದರು. "ಅದ ರೀ," ಎಂದರು, ಬಲು ಗಂಭೀರವಾಗಿ.

ನನಗೆ ನೆನಪಿರುವುದು ಇಷ್ಟೇ.

ಕಣ್ಣು ಬಿಟ್ಟಾಗ ಮರುದಿನದ ಬಿಸಿಲು ಅಂಗಳಕ್ಕೆ ಇಳಿದಿತ್ತು. ತಲೆಯ ಕೆಳಗೆ ಏನೋ ಮೆತ್ತಗಿತ್ತು. ಬೀಗರ ರುಮಾಲು!

"ಎಬ್ಬಿಸಬ್ಯಾಡ್ರಿ ಅಂದು ಪಾಪ, ಅವರು ಬರೀ ತಲೀಲೇ ಟೇಶನ್ನಿಗೆ ಹೋದರು," ಎಂದಳು ಶಾಂತವ್ವ.

ದಿಗ್ಗನೆ ಎದ್ದು ಕೂತೆ. "ಹಂಗಾದ್ರ ಇದೂ ಮುರೀತೇನು?"

"ಯಾಕ ಮುರೀತದ? ನಾನೇ ಕುಂತು ಮಾತು ಮುಗಿಸೀನಿ. ಗಿರಿಜಾನೂ ಹೂಂ ಅಂದಾಳ, ಅವರೂ ಒಪ್ಯಾರ."

"ಮತ್ತ ಆ ಎರಡು ಸಂಬಂಧ ಯಾಕ ಮುರಿದವು?"

ಶಾಂತವ್ವ ರುಮಾಲನ್ನು ಕೊಡವಿ ಮಡಚುತ್ತ ಹೇಳಿದಳು: "ಆವಾಗ ನೀವು ಎಚ್ಚರಿದ್ರಿ."

ಲಗ್ನದಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಹಂಚಿದರು. ಹುಡುಗಿಯ ಅಣ್ಣನಾದ ನನಗೆ ಹಂದರದ ಮೂಲೆಯಲ್ಲಿ ಗಾದಿ ಹಾಸಿ, ತಲೆದಿಂಬು ಇಟ್ಟುಕೊಟ್ಟರು!