ಮುರಗೆಪ್ಪನ ಕುರ್ಚಿ

ಜಮಖಂಡಿಯ ಕೋರ್ಟಿನ ಎದುರು ಖಾನಾವಳಿ ತೆರೆದ ಮುರಗೆಪ್ಪನಿಗೆ ಒಂದೇ ಕೊರಗು. ಮಂದಿ ಬಾಗಿಲವರೆಗೆ ಬರುತ್ತಾರೆ, ಒಳಗೆ ಬರುವುದಿಲ್ಲ. ದೀಪಾವಳಿಯೊಳಗೆ ಬೆಂಚು ತುಂಬದಿದ್ದರೆ ಖಾನಾವಳಿ ಮುಚ್ಚಿ, ಮುಧೋಳದಲ್ಲಿ ಹೆಂಡತಿಯ ಅಣ್ಣ ಸಾಬಣ್ಣನ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಪೊಟ್ಟಣ ಕಟ್ಟಬೇಕು. (ಸಾಬಣ್ಣನೋ, ಪೊಟ್ಟಣದ ದಾರವನ್ನೂ ಗೇಣಿನಲ್ಲಿ ಅಳೆದು ಕೊಡುವ ಆಸಾಮಿ.)

ಒಂದು ದಿನ ರೇಡಿಯೋದಲ್ಲಿ ಯಾರೋ ಹೇಳಿದರು: ವ್ಯಾಪಾರದಲ್ಲಿ ಗುರಿ ಮುಟ್ಟಬೇಕಾದರೆ ದಿನಕ್ಕೊಂದು ಸಣ್ಣ ಬದಲಾವಣೆ ಸಾಕು, ಆದರೆ ಬಿಡದೆ ಮಾಡಬೇಕು. ಮುರಗೆಪ್ಪ ಅದನ್ನು ರಾಜಾಜ್ಞೆಯಂತೆ ಹೆಂಡತಿ ಸುಂದರವ್ವನಿಗೆ ಸಾರಿದ.

“ಇವತ್ತಿನಿಂದ ದಿನಾ ಒಂದ ಸಣ್ಣ ಬದಲಾವಣಿ. ತಿಳೀತಿಲ್ಲೊ?”

“ಮಾಡೋಣಂತ ತಗೋರಿ,” ಎಂದಳು ಸುಂದರವ್ವ, ರೊಟ್ಟಿ ಬಡಿಯುತ್ತ.

ಮುರಗೆಪ್ಪ ಒಂದು ದಿನ ಝುಣಕಕ್ಕೆ ಬೆಳ್ಳುಳ್ಳಿ ಹೆಚ್ಚಿಸಿದ, ಇನ್ನೊಂದು ದಿನ ಬೋರ್ಡಿಗೆ ಬಣ್ಣ ಬಳಿಸಿದ. ಉಳಿದ ಹೊತ್ತೆಲ್ಲ ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬಂದವರನ್ನು ವಿಚಾರಿಸಿಕೊಂಡ. ಯಾವೂರು, ಯಾರ ಪೈಕಿ, ಹೊಲದ ತಂಟೆಯೋ ಹೆಂಡತಿಯ ತಂಟೆಯೋ? ವಾದಿ ಹೇಳಿದ್ದನ್ನು ಪ್ರತಿವಾದಿಗೆ ಮುಟ್ಟಿಸಿ, ಜಡ್ಜ್ ಸಾಹೇಬರಿಗಿಂತ ಮೊದಲೇ ತೀರ್ಪನ್ನೂ ಕೊಟ್ಟುಬಿಡುತ್ತಿದ್ದ. (ಅತಿಥಿ ಸತ್ಕಾರವೆಂದರೆ ಇದೇ ಎಂಬುದು ಅವನ ನಂಬಿಕೆ.)

“ಇಲ್ಲಿ ಬಿಸಲ ಬೀಳತೈತ್ರಿ, ಚೂರು ಈ ಕಡೆ ಬರ್ರಿ,” ಎಂದು ಸುಂದರವ್ವ ಒಂದು ದಿನ ಅವನ ಕುರ್ಚಿಯನ್ನು ಒಳಗೆ ಸರಿಸಿದಳು. ಮರುದಿನ ಕಸ ಹೊಡೆಯಲಿಕ್ಕೆಂದು ಇನ್ನಷ್ಟು, ಆಮೇಲೆ ಧೂಳಿಗೆಂದು, ಗಾಳಿಗೆಂದು ಮತ್ತಷ್ಟು. ಹೆಂಡತಿಗೆ ತನ್ನ ಮೇಲೆ ಇಷ್ಟು ಅಕ್ಕರೆಯೇ ಎಂದು ಮುರಗೆಪ್ಪ ಹಿಗ್ಗಿದ. ಕೈ ಖಾಲಿ ಇರಬಾರದೆಂದು ಅವಳು ಬೆಳ್ಳುಳ್ಳಿ ಬುಟ್ಟಿಯನ್ನೂ ಮುಂದಿಟ್ಟಳು.

ದೀಪಾವಳಿ ಹತ್ತಿರವಾದಾಗ ಸಾಬಣ್ಣ ಬಂದು ನೋಡಿದರೆ ಬೆಂಚಿನಲ್ಲಿ ಕೂಡಲು ಜಾಗವಿಲ್ಲ. ಅಡುಗೆಮನೆಗೇ ಬಂದ ಅವನಿಗೆ ಮುರಗೆಪ್ಪ ಬೆಳ್ಳುಳ್ಳಿ ಸುಲಿಯುತ್ತಲೇ ಭಾಷಣ ಸುರು ಮಾಡಿದ.

“ನೋಡ್ರಿ ಸಾಬಣ್ಣಾವರ, ಇದೆಲ್ಲಾ ನನ್ನ ಝುಣಕದ ಕರಾಮತ್ತು.”

ಮೋಟುಗೋಡೆಯ ಆಚೆ, ಊಟಕ್ಕೆ ಕೂತ ಹುನ್ನೂರಿನ ಗಿರಾಕಿಯೊಬ್ಬ ಸುಂದರವ್ವನನ್ನು ಕೇಳುತ್ತಿದ್ದ. “ಅಕ್ಕಾರ, ಬಾಗಲದಾಗ ಕುಂದರತಿದ್ದ ಯಜಮಾನರು ಎಲ್ಲಿ ಹೋದರ್ರಿ? ಅವರನ್ನ ನೋಡಿ ನಾ ಬಾಗಲದಿಂದನ ತಿರಗಿ ಹೋಗತಿದ್ದೆ. ಈಗ ರೊಟ್ಟಿ ಸಮಾಧಾನದಿಂದ ಗಂಟಲದಾಗ ಇಳೀತಾವು.”

ಮುರಗೆಪ್ಪ ಮೊದಲ ಸಲ ಸುತ್ತ ನೋಡಿದ. ಒಂದು ಕಡೆ ಒಲೆ, ಇನ್ನೊಂದು ಕಡೆ ಹಿತ್ತಲ ಬಾಗಿಲು, ನಡುವೆ ತನ್ನ ಕುರ್ಚಿ. ಸಾಬಣ್ಣ ಮೀಸೆಯಲ್ಲೇ ನಕ್ಕ.

“ಏನ ಇದು, ಸುಂದರಾ?” ಎಂದ ಮುರಗೆಪ್ಪ, ಅವಳು ಒಳಗೆ ಬಂದ ಕೂಡಲೇ.

“ನೀವ ಹೇಳಿದ್ರಲ್ಲರಿ, ದಿನಾ ಒಂದ ಸಣ್ಣ ಬದಲಾವಣಿ.”

ಸಿಟ್ಟಾಗಬೇಕೆಂದುಕೊಂಡ. ಆದರೆ ಹೊರಗೆ ಇನ್ನೆರಡು ರೊಟ್ಟಿ ಎಂದು ಕೂಗುತ್ತಿದ್ದರು, ಆ ಕೂಗು ಕಿವಿಗೆ ಬಲು ಇಂಪಾಗಿತ್ತು. ಸಕ್ಕರೆ ಪೊಟ್ಟಣದ ಭಯ ಹೋಯಿತಲ್ಲ ಎಂದು ಮನಸ್ಸು ಹಗುರವಾಯಿತು. ದನಿ ತಗ್ಗಿಸಿ ಕೇಳಿದ.

“ಮತ್ತ ನಾಳಿ ಬದಲಾವಣಿ ಏನು?”

“ನಾಳಿಂದ ಉಳ್ಳಾಗಡ್ಡಿನೂ ನೀವ ಹೆಚ್ಚರಿ.”