ಅಪ್ಪನ ಮೂಲೆಗೆ ಬಂದ ಬೇಸು

ಮನೆಯವರು ತಮ್ಮ ಮಾತು ಕೇಳುವುದಿಲ್ಲ ಎಂದು ಗೋಳಾಡುವ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನ್ನ ಗೋಳು ಅದಕ್ಕೆ ತಿರುಗುಮುರುಗು. ನಮ್ಮ ಮನೆಯವರು ನನ್ನ ಮಾತು ಕೇಳುತ್ತಾರೆ. ಹೇಳಿದ್ದನ್ನು ಹೇಳಿದ ಹಾಗೆಯೇ, ಒಂದಕ್ಷರ ಆಚೀಚೆ ಮಾಡದೆ ಕೇಳುತ್ತಾರೆ. ದಿಗ್ಗೇವಾಡಿಯ ನಮ್ಮ ಮನೆತನದ ಹೊಸ್ತಿಲೊಳಗೆ ಬಿ.ಎಸ್ಸಿ. ಎಂಬುದನ್ನು ಮೊದಲು ತಂದವನು ನಾನು. ಅಂದಿನಿಂದ ಗುಳಿಗೆ ಚೀಟಿಯ ಬರಹಕ್ಕೂ, ಕಬ್ಬಿಗೆ ಹಾಕುವ ಗೊಬ್ಬರದ ಅಳತೆಗೂ ನನ್ನ ಮಾತೇ ಕಡೆಯದು. ಮೇಲ್ನೋಟಕ್ಕೆ ಇದು ಸುಖ. ಆದರೆ ತನ್ನ ಮಾತನ್ನು ಪೂರ್ತಿ ನಂಬುವ ಜನರ ನಡುವೆ ಬದುಕುವುದು ಎಷ್ಟು ಅಪಾಯದ ಕೆಲಸ ಎಂಬುದು, ಮನೆಗೆ ಸಬ್ ವೂಫರ್ ತರುವವರೆಗೆ ನನಗೆ ತಿಳಿದಿರಲಿಲ್ಲ.

ನಾನು ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕಬ್ಬಿನ ರಸ ಪರೀಕ್ಷೆ ಮಾಡುವವನು. ಹಂಗಾಮು ಮುಗಿದರೆ ಬೇಸಿಗೆಯಲ್ಲಿ ಕೈ ಖಾಲಿ. ಹಾಗೆ ಖಾಲಿ ಇದ್ದಾಗಲೇ ಚಿಕ್ಕೋಡಿಯ ಅಂಗಡಿಯಿಂದ ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರನ್ನೂ, ಅದರ ಜೋಡಿ ಒಂದು ಕರಿಯ ಡಬ್ಬಿಯನ್ನೂ ತಂದೆ. ಆ ಡಬ್ಬಿಯೇ ಸಬ್ ವೂಫರ್. ಎದೆಗೆ ಬಡಿಯುವ ಗುಡುಗಿನಂಥ ತಗ್ಗಿನ ದನಿಯನ್ನು ಹೊರಡಿಸುವುದೇ ಅದರ ಜನ್ಮದ ಉದ್ದೇಶ.

ನಮ್ಮಪ್ಪ ಧರೆಪ್ಪ ತನ್ನ ಹೊರಸಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. ಪಡಸಾಲೆಯ ಆ ಮೂಲೆ ಅವನದು. ನಸುಕಿಗೇ ಎದ್ದು ಹೊಲಕ್ಕೆ ನೀರು ಬಿಟ್ಟು ಬಂದು, ಊಟ ಮಾಡಿ, ಮಧ್ಯಾಹ್ನ ಅಲ್ಲಿ ಮಲಗಿದರೆ ಮನೆಗೆ ಬೆಂಕಿ ಬಿದ್ದರೂ ಏಳುವವನಲ್ಲ. ಹೊರಸಿನ ಪಕ್ಕದಲ್ಲಿ ಹಳೆಯ ಟ್ರಂಕು. ಅದರ ಹಿಂದಿನ ಬೋರ್ಡಿಗೆ ಡಬ್ಬಿಯ ಪಿನ್ ಹಚ್ಚಿದೆ. ಹಸಿರು ದೀಪ ಹತ್ತಿತು. ನನ್ನ ಕಣ್ಣು ತಣಿಯಿತು.

"ಅಪ್ಪಾ, ಇದರ ಹೆಚ್ಚುಗಾರಿಕಿ ಏನಂದ್ರ, ಇದಕ್ಕ ವೈರ್ ಬೇಕಾಗಿಲ್ಲ," ಎಂದೆ.

"ವೈರ್ ಇಲ್ಲದ ನಡಿತೈತಿ?"

"ನಡಿತೈತಿ. ಟಿವಿಯಿಂದ ದನಿ ಗಾಳ್ಯಾಗ ಬರತೈತಿ."

"ಗಾಳ್ಯಾಗ," ಎಂದು ಅಪ್ಪ ಟಿವಿಯಿಂದ ಡಬ್ಬಿಯವರೆಗಿನ ಗಾಳಿಯನ್ನು ಕಣ್ಣಲ್ಲೇ ಅಳೆದ. "ಬೇಸ್ ಆತು ಬಿಡು."

(ನಮ್ಮ ಕಡೆ ಚಲೋ ಎಂಬುದಕ್ಕೆ ಬೇಸ್ ಎನ್ನುವುದುಂಟು. ಇಂಗ್ಲಿಷಿನವರು ತಗ್ಗಿನ ದನಿಗೂ ಬೇಸ್ ಎಂದೇ ಹೆಸರಿಟ್ಟಿದ್ದಾರೆ. ಅವರು ಹೆಸರಿಡುವ ಮೊದಲು ನಮ್ಮ ತಾಲೂಕಿನವರನ್ನು ಒಂದು ಮಾತು ಕೇಳಬೇಕಾಗಿತ್ತು.)

ಊಟ ಮುಗಿಸಿ ಬಂದು ನೋಡುತ್ತೇನೆ, ನಮ್ಮವ್ವ ಅಕ್ಕವ್ವ ಡಬ್ಬಿಯ ಮೇಲೆ ಅಪ್ಪನ ಮಡಿ ಟಾವೆಲ್ ಹೊದಿಸಿಬಿಟ್ಟಿದ್ದಳು. ಹೊಸ ಸಾಮಾನಿಗೆ ದೃಷ್ಟಿ ತಾಗಬಾರದಂತೆ. ಧೂಳಿಗೂ ಆಯಿತು ಎಂದು ನಾನೂ ಒಪ್ಪಿದೆ.

ಈಗ ಮುಖ್ಯ ಕಾರ್ಯ ಬಾಕಿ ಇತ್ತು. ಸಬ್ ವೂಫರನ್ನು ಮನಸ್ಸಿಗೆ ಬಂದಲ್ಲಿ ಇಡಬಾರದು. ಅದಕ್ಕೊಂದು ಶಾಸ್ತ್ರವಿದೆ. ಮೊದಲು ಡಬ್ಬಿಯನ್ನು ನಾವು ಕೂಡುವ ಸೋಫಾದ ಮೇಲೆ ಕೂಡಿಸಬೇಕು. ಆಮೇಲೆ ನಾವು ನೆಲಕ್ಕಿಳಿದು, ಕೂಸಿನಂತೆ ಅಂಬೆಗಾಲಿಡುತ್ತ, ಗೋಡೆಯ ಗುಂಟ ಕೋಣೆಯನ್ನು ಸುತ್ತಬೇಕು. ಬೇಸು ಎಲ್ಲಿ ತುಂಬಿಕೊಂಡು ಕೇಳುತ್ತದೆಯೋ ಅದೇ ಡಬ್ಬಿಯ ಕಾಯಂ ಠಿಕಾಣಿ. ಡಬ್ಬಿಯ ವೈರ್ ಸೋಫಾ ಮುಟ್ಟುವಷ್ಟು ಉದ್ದವಿತ್ತು. ನಾನು ಹಾಡು ಹಚ್ಚಿ, ಲುಂಗಿ ಎತ್ತಿ ಕಟ್ಟಿ, ನೆಲಕ್ಕಿಳಿದೆ. ಅಪ್ಪ ಫ್ಯಾನಿನ ಗಾಳಿಗೆ ಮುಖವೊಡ್ಡಿ ಕೂತು ನೋಡುತ್ತಿದ್ದ.

ಅವ್ವ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತಳು. ಸೋಫಾದ ಮೇಲೆ ಮಡಿ ಬಟ್ಟೆ ಹೊದ್ದು ಕೂತ ಡಬ್ಬಿ. ಅದರ ಸುತ್ತ ನೆಲ ಹಿಡಿದು ಹೊರಟ ಮಗ.

"ಯಪ್ಪಾ ಭರತಾ, ಯಾವ ದೇವರಿಗಿ ಹರಕಿ ಹೊತ್ತೀಯೋ?"

"ಹರಕಿ ಅಲ್ಲವ್ವಾ. ಬೇಸ್ ಹುಡಕಾಕತ್ತೇನಿ."

"ಬೇಸ್ ಆಗ್ಲಿ ಅಂತನ ಎಲ್ಲಾರೂ ಗುಡಿ ಸುತ್ತ ದೀಡ ನಮಸ್ಕಾರ ಹಾಕೂದು," ಎಂದು ಅವ್ವ ಡಬ್ಬಿಗೆ ಕೈಮುಗಿದು, ನನ್ನ ದಾರಿ ಬಿಟ್ಟು ನಿಂತಳು.

ನನ್ನ ಹೆಂಡತಿ ಉಜ್ವಲಾ ಅಷ್ಟು ಸುಲಭಕ್ಕೆ ದಾರಿ ಬಿಡುವವಳಲ್ಲ. "ಅತ್ತಿಯಾರ, ಹರಳೆಣ್ಣಿ ಕಾಸಿ ಇಡ್ರಿ. ಹೊಲದಾಗ ಕಸಾ ತಗ್ಯಾಕ ಬಗ್ರಿ ಅಂದ್ರ ಇವರ ಸೊಂಟಾ ಹಿಡಿತೈತಿ. ಇಲ್ಲಿ ನೋಡ್ರಿ ಹೆಂಗ ಓಡ್ಯಾಡಾಕತ್ತಾರ," ಎಂದಳು.

ಮೊಣಕಾಲು ಸುಲಿಯುತ್ತಿದ್ದರೂ ಸುತ್ತು ಮುಗಿಸಿದೆ. ಅಪ್ಪನ ಹೊರಸಿನ ಕೆಳಗೆ ತೂರಿದಾಗ, ಗೋಡೆಯಿಂದ ಎದ್ದು ಬಂದಂತೆ, ಗುಡುಗುಡು ಎಂಬ ದನಿ ನೇರ ಎದೆಗೂಡಿಗೆ ಇಳಿಯಿತು. ಉಳಿದ ಕಡೆ ಅದರ ಕಾಲು ಭಾಗವೂ ಇರಲಿಲ್ಲ.

ನಾನು ಹೊರಸಿನ ಕೆಳಗಿನಿಂದಲೇ, "ಅಪ್ಪಾ, ಬೇಸ್ ಇಲ್ಲೇ ಐತಿ," ಎಂದೆ.

"ಹೌದಪಾ, ಇಲ್ಲಿ ಬೇಸ್ ಐತಿ. ಮೊದಲಿಂದೂ ಐತಿ."

ಅಪ್ಪನ ಈ ಮಾತನ್ನು ನಾನು ನನ್ನ ಪ್ರಯೋಗಕ್ಕೆ ಸಿಕ್ಕ ಸಾಕ್ಷಿ ಎಂದು ತಿಳಿದೆ. ಹೊರಗೆ ತೆವಳಿ ಬಂದು, ಧೂಳು ಝಾಡಿಸಿಕೊಂಡು, ಹೊರಸು ಆಚೆ ಮೂಲೆಗೆ ಹೋಗಬೇಕೆಂದೂ ಇಲ್ಲಿ ಡಬ್ಬಿ ಕೂಡಬೇಕೆಂದೂ ತೀರ್ಪು ಕೊಟ್ಟೆ.

"ಮಾವಾರಿಗಿ ಜಾಗಾ ಬದಲಾದ್ರ ನಿದ್ದಿ ಹತ್ತೂದಿಲ್ಲ. ನಿಮ್ಮ ಡಬ್ಬಿಗೇನ ನಿದ್ದಿ ಹತ್ತಬೇಕಾಗೈತಿ?" ಎಂದು ಉಜ್ವಲಾ ಅಡ್ಡ ಬಂದಳು.

"ಇದು ನಾ ಹೇಳೂ ಮಾತಲ್ಲ ಉಜ್ವಲಾ. ಕೋಣಿನ ಹೇಳಾಕತ್ತೈತಿ."

"ಕೋಣಿ ಕಟ್ಟಿಸಿದವರು ಇಲ್ಲೇ ಕುಂತಾರ. ಅವರನ್ನ ಒಂದ ಮಾತ ಕೇಳ್ರಿ."

ಅಪ್ಪ ಕೇಳಿಸಿಕೊಳ್ಳಲೂ ಇಲ್ಲ. ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಎದ್ದ. "ಓದಿದಾವ ಹೇಳತಾನಂದ್ರ ಏನರ ಇರತೈತಿ. ಹಿಡಿಯವ್ವಾ ಆ ಕಡಿ," ಎಂದು ಸೊಸೆಯ ಜೊತೆ ತಾನೇ ಹೊರಸು ಎತ್ತಿದ.

ಅಂದಿನಿಂದ ಡಬ್ಬಿಯ ಪಾಲನೆ ಪೋಷಣೆಗೆ ನಾನು ಟೊಂಕ ಕಟ್ಟಿದೆ. ನಮ್ಮ ಮನೆಗೂ ದಾವಲಸಾಬ ಕಾಕಾನ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಗೋಡೆ. ಮಧ್ಯಾಹ್ನವೆಲ್ಲ ಜೋಳದ ಹಿಟ್ಟು ಕಿಟಕಿಯಿಂದ ತೇಲಿ ಬರುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ಟಾವೆಲ್ ಮೇಲಿನ ಹಿಟ್ಟನ್ನು ಮೆತ್ತಗಿನ ಬ್ರಷ್ಷಿನಿಂದ ಗುಡಿಸುತ್ತಿದ್ದೆ. ಟಾವೆಲ್ ಮಾತ್ರ ತೆಗೆಯುತ್ತಿರಲಿಲ್ಲ, ತೆಗೆದರೆ ಒಳಗೆ ಹಿಟ್ಟು ಹೋದೀತಲ್ಲ. ಉಜ್ವಲಾ ಅದರ ಮೇಲೆ ಸಂಡಿಗೆಯ ತಾಟು ಇಟ್ಟಾಗ ಒಂದು ಸಣ್ಣ ಮಹಾಯುದ್ಧವೇ ಆಯಿತು. ಹೊಸ ಎತ್ತನ್ನು ಮೊದಲ ದಿನವೇ ಭಾರದ ಗಾಡಿಗೆ ಹೂಡುವುದಿಲ್ಲವಲ್ಲ, ಹಾಗೆ ಹೊಸ ಡಬ್ಬಿಯನ್ನೂ ಮೊದಲು ಸಣ್ಣ ದನಿಯಲ್ಲೇ ಪಳಗಿಸಬೇಕು ಎಂದು ಎಲ್ಲರಿಗೂ ತಿಳಿಸಿ ಹೇಳಿದೆ.

ಮತ್ತು ಅದು ನುಡಿಯಿತು. ಹೊಡೆದಾಟದಲ್ಲಿ ನುಡಿಯಿತು, ಹಾಡಿನಲ್ಲಿ ನುಡಿಯಿತು. ಅವ್ವನ ಸೀರಿಯಲ್ಲಿನಲ್ಲಿ ಸೊಸೆಯೊಬ್ಬಳು ಸದ್ದಿಲ್ಲದೆ ಕಣ್ಣೀರು ಒರೆಸಿಕೊಳ್ಳುವಾಗಲೂ ಗುಡುಗುಡು ಎಂದಿತು.

"ಅಳೂದರಾಗ ಯಾಕ ಗುಡಗತೈತಿ?" ಎಂದು ಅವ್ವ ಕೇಳಿದಳು.

"ಅದು ದುಃಖದ ಆಳ ಅವ್ವಾ. ಸಾದಾ ಸ್ಪೀಕರಿಗೆ ಇದು ಸಿಗೂದಿಲ್ಲ."

ವಾರ್ತೆ ಓದುವವಳ ಮಾತಿನ ಕೆಳಗೂ ಅದು ಗುಡುಗಿದಾಗ, ಸುದ್ದಿಯ ಗಾಂಭೀರ್ಯವೇ ಹಾಗೆ ಎಂದೆ. ಎಲ್ಲರೂ ನಂಬಿದರು. ಅವರಿಗಿಂತ ಮೊದಲು ನಾನು ನಂಬಿದ್ದೆ.

ನಂಬದೆ ಇದ್ದದ್ದು ಅಪ್ಪನ ನಿದ್ದೆಯೊಂದೇ. ಆಚೆ ಮೂಲೆಯಲ್ಲಿ ಅವನು ಮಗ್ಗುಲು ಬದಲಿಸುತ್ತ, ಮಾಡು ನೋಡುತ್ತ ಬಿದ್ದಿರುತ್ತಿದ್ದ. ಕಣ್ಣು ಕೆಂಪಾದವು. ಊಟ ಕಡಿಮೆಯಾಯಿತು. ಹೊಲದ ಬದುವಿನ ಮೇಲೆ ಒಮ್ಮೆ ತಲೆ ತಿರುಗಿ ಕೂತುಬಿಟ್ಟ ಎಂದು ಪಕ್ಕದ ಹೊಲದವರು ಹೇಳಿದರು. ನಾನು ಕೇಳಿದರೆ, "ಏನಿಲ್ಲಪಾ, ಬೇಸ್ ಅದೇನಿ," ಎನ್ನುತ್ತಿದ್ದ. ಆಮೇಲೆ ಊಟವಾದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೋ ಹೋಗತೊಡಗಿದ.

"ಸುಡೂ ಬಿಸಲಾಗ ಮುದುಕ ಮನಷ್ಯಾ ಮನಿ ಬಿಟ್ಟ ಹೊಂಟಾರ. ನೀವು ಡಬ್ಬಿ ಒರಸ್ಕೋತ ಕುಂದ್ರರಿ," ಎಂದಳು ಉಜ್ವಲಾ. ಅವಳ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ. ನನಗೂ ಒಳಗೇ ಅಳುಕು. ಆದರೂ ಪ್ರಯೋಗದಿಂದ ಸಿದ್ಧವಾದ ಜಾಗವನ್ನು ಬಿಡುವುದು ಹೇಗೆ?

ಅಷ್ಟರಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಬೇಸು ನಿಂತುಹೋಯಿತು. ತೆರೆಯ ಮೇಲೆ ಸೇತುವೆಯೊಂದು ಉರುಳಿ ಬಿತ್ತು, ನಮ್ಮ ಮನೆಯಲ್ಲಿ ತಾಟು ಬಿದ್ದಷ್ಟೂ ಸದ್ದಾಗಲಿಲ್ಲ. ನಾನು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿ, ಟಾವೆಲಿನ ಕೆಳಗೆ ಕೈ ತೂರಿಸಿ ಡಬ್ಬಿಯ ದನಿಯ ಗುಂಡಿಯನ್ನು ಕಡೆಯ ತನಕ ತಿರುಗಿಸಿ ಬೆವರಿದೆ. ಸಂಜೆ ತಾನಾಗಿಯೇ ಶುರುವಾಯಿತು. ವೋಲ್ಟೇಜಿನ ದೋಷ ಎಂದು ಘೋಷಿಸಿದೆ. ಮರು ಶುಕ್ರವಾರವೂ ಹಾಗೆಯೇ ಆಯಿತು. ವಾರ ನೋಡಿ ಬರುವ ವೋಲ್ಟೇಜನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಮರುದಿನ ಊಟವಾದ ಮೇಲೆ ಅಪ್ಪ ಮತ್ತೆ ಹೊರಟ. ನಾನು ಹಿಂದೆಯೇ ಹೋದೆ. ಅವನು ಬಹಳ ದೂರ ಹೋಗಲಿಲ್ಲ. ನಮ್ಮ ಮನೆಯ ಮೂಲೆ ತಿರುಗಿ ಗಿರಣಿಯೊಳಗೆ ಹೊಕ್ಕ. ನಾನು ಬಾಗಿಲಿಗೆ ಬಂದು ಇಣುಕುವ ಹೊತ್ತಿಗೆ, ಗೋಧಿ ಚೀಲಕ್ಕೆ ಬೆನ್ನು ಕೊಟ್ಟು, ಗದ್ದ ಎದೆಗಿಳಿಸಿ, ಗೊರಕೆ ಹೊಡೆಯುತ್ತಿದ್ದ. ಮೀಸೆ, ಹುಬ್ಬು, ರುಮಾಲಿನ ಮೇಲೆಲ್ಲ ಬಿಳಿ ಹಿಟ್ಟು. ದಾವಲಸಾಬ ಕಾಕಾ ಬೆರಳು ತುಟಿಗಿಟ್ಟು ನನ್ನನ್ನು ಹತ್ತಿರ ಕರೆದ.

"ಎಬ್ಬಸಬ್ಯಾಡ ತಮ್ಮಾ. ಮನ್ಯಾಗ ಈ ಸಪ್ಪಳ ಕೇಳಸೂದಿಲ್ಲಂತ, ನಿದ್ದಿ ಹತ್ತೂದಿಲ್ಲಂತ. ಶುಕ್ರಾರ ಜುಮ್ಮಾ ದಿವಸ ನಾ ಗಿರಣಿ ಬಂದ್ ಮಾಡಿ ನಮಾಜಿಗಿ ಹೋದ್ರ ಪಾಪ ಹೊರಗ ಕಟ್ಟಿ ಮ್ಯಾಲ ದಾರಿ ಕಾಯ್ಕೋತ ಕುಂತಿರತಾರ."

ಗಿರಣಿ ತಿರುಗುತ್ತಿತ್ತು. ಗುಡುಗುಡು ಎನ್ನುತ್ತಿತ್ತು. ಅದೇ ಗತಿ, ಅದೇ ತೂಕ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಟಿವಿ ಹಚ್ಚಿರಲಿಲ್ಲ. ದುಃಖದ ಆಳವೂ ಸುದ್ದಿಯ ಗಾಂಭೀರ್ಯವೂ ಕಾಕಾನ ಬೀಸುವ ಕಲ್ಲಿನಿಂದ ಹೊರಟು ಅಪ್ಪನ ಮೂಲೆಯ ಗೋಡೆ ದಾಟಿ ಬರುತ್ತಿದ್ದವು. ಹುಟ್ಟಿದಾಗಿನಿಂದ ಕೇಳಿದ ಸದ್ದು ಕಿವಿಗೆ ಸದ್ದೇ ಅಲ್ಲ. ಅದನ್ನು ನಾನು ಮೊದಲ ಸಲ ಗಮನವಿಟ್ಟು ಕೇಳಿದ್ದು ಹೊರಸಿನ ಕೆಳಗೆ, ಡಬ್ಬಿಯ ಹೆಸರಿನಲ್ಲಿ.

ಮನೆಗೆ ಓಡಿ ಬಂದು ಟಾವೆಲ್ ಎತ್ತಿದೆ. ದೀಪವಿಲ್ಲ. ಟ್ರಂಕು ಸರಿಸಿದೆ. ಡಬ್ಬಿಯ ಪಿನ್ ನೆಲದ ಮೇಲೆ ಜೇಡರ ಬಲೆಯಲ್ಲಿ ಮಲಗಿತ್ತು. ಅದರ ಜಾಗದಲ್ಲಿ ಅಪ್ಪನ ಫ್ಯಾನಿನ ಪಿನ್ ಹಚ್ಚಿತ್ತು.

ಅಪ್ಪ ನಿದ್ದೆ ಮುಗಿಸಿ ಬರುವವರೆಗೆ ಬಾಗಿಲಲ್ಲೇ ಕಾದೆ. "ಅಪ್ಪಾ, ಇದನ್ನ ಯಾರ ತಗದಾರ?"

"ನಾನ ತಗದೇನಿ. ನೀ ತಂದ ದಿವಸ, ಊಟಕ್ಕ ಹ್ವಾದಾಗ."

"ಯಾಕ?"

ಅಪ್ಪನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನೀನ ಹೇಳಿದೆಲ್ಲೊ, ಅದಕ್ಕ ವೈರ್ ಬೇಕಾಗಿಲ್ಲ ಅಂತ. ಬ್ಯಾಡಾದ ವೈರ್ ಸುಮ್ನ ಯಾಕ ಜಾಗಾ ಹಿಡೀಬೇಕು ಅಂತ ತಗದ ಫ್ಯಾನ್ ಹಚ್ಕೊಂಡ್ನಿ."

ಒಳಗಿನಿಂದ ಏನೋ ಬಿದ್ದ ಸದ್ದಾಯಿತು. ಉಜ್ವಲಾ ನಗುವುದಕ್ಕೆ ಅನುಕೂಲವಾಗಲೆಂದು ಕೈಯಲ್ಲಿದ್ದ ಲಟ್ಟಣಿಗೆಯನ್ನು ಬಿಟ್ಟಿದ್ದಳು.

ಅಂದೇ ಹೊರಸು ತನ್ನ ಮೂಲೆಗೆ ಮರಳಿತು. ನಾನೊಬ್ಬನೇ ಎತ್ತಿ ತಂದೆ, ಯಾರಿಗೂ ಒಂದು ಕಡೆ ಹಿಡಿಯಿರಿ ಎನ್ನುವ ಧೈರ್ಯ ಬರಲಿಲ್ಲ. ಅಪ್ಪ ಗೋಡೆಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿದ. ಆಮೇಲೆ ನಾನು ಡಬ್ಬಿಯನ್ನು ಈಚೆ ತಂದು, ಬೇರೆ ಬೋರ್ಡಿಗೆ ಪಿನ್ ಹಚ್ಚಿ, ಗುಂಡಿಯನ್ನು ಈಗಾಗಲೇ ಕಡೆಯ ತನಕ ತಿರುಗಿಸಿದ್ದನ್ನು ಮರೆತು, ಟಿವಿ ಹಚ್ಚಿದೆ. ಗೋಡೆಯ ಮಾಡದಲ್ಲಿದ್ದ ಚರಿಗೆಗಳು ಒಂದಕ್ಕೊಂದು ತಾಗಿದವು. ಸಂಡಿಗೆಗಳು ತಾಟಿನಲ್ಲಿ ಜಾಗ ಬದಲಿಸಿದವು. ಗೋಡೆಯಾಚೆ ಗಿರಣಿ ಥಟ್ಟನೆ ನಿಂತಿತು. ಕಾಕಾ ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡೇ ಓಡಿ ಬಂದ. "ತಮ್ಮಾ, ನನ್ನ ಬೇರಿಂಗ್ ಹೋತೋ ಏನೋ, ಒಂದ ಸವನ ಬಡಿಯಾಕತ್ತೈತಿ, ಲಗೂನ ಬಂದ ನೋಡಬಾ," ಎಂದ. ಅಪ್ಪ ಮಾತ್ರ ಮಗ್ಗುಲು ಸಹ ಬದಲಿಸಲಿಲ್ಲ.

ದನಿ ಇಳಿಸಿದೆ. ಆದರೆ ಸರಿಯಾದ ಜಾಗ ಇನ್ನೂ ಸಿಕ್ಕಿರಲಿಲ್ಲ. ಮುಂದಿನ ಶುಕ್ರವಾರ, ಗಿರಣಿ ನಿಂತ ಹೊತ್ತು ನೋಡಿ, ಡಬ್ಬಿಯನ್ನು ಸೋಫಾದ ಮೇಲಿಟ್ಟು, ದೀಪ ಹತ್ತಿದ್ದನ್ನು ಎರಡೆರಡು ಸಲ ನೋಡಿಕೊಂಡು, ಮತ್ತೆ ನೆಲಕ್ಕಿಳಿದೆ. ಈ ಸಲದ್ದು ಪ್ರಾಮಾಣಿಕ ಪ್ರಯೋಗ. ಎಲ್ಲರೂ ಸಾಲಾಗಿ ನಿಂತು ನೋಡಿದರು. ಕಿಟಕಿಯ ಪಕ್ಕ, ನಾನು ಓದಲು ಬರೆಯಲು ಕೂಡುವ ಮೇಜಿನ ಕೆಳಗೆ ಬಂದಾಗ ಬೇಸು ತುಂಬಿ ಬಂತು. ನಾನು ಬೇರೆ ಕಡೆ ಹೋಗಿ ನೋಡಿದೆ. ಮತ್ತೆ ಬಂದೆ. ಅಲ್ಲೇ ಇತ್ತು.

"ಏನ ಹೇಳಾಕತ್ತೈತ್ರಿ ಕೋಣಿ?" ಎಂದು ಉಜ್ವಲಾ ಬಗ್ಗಿ ಕೇಳಿದಳು.

ಸುಳ್ಳು ಹೇಳಬಹುದಾಗಿತ್ತು. ಲ್ಯಾಬಿನಲ್ಲಿ ದುಡಿದವನಿಗೆ ಅದು ಬರುವುದಿಲ್ಲ. ಇಲ್ಲೇ ಐತಿ ಎಂದು ಹೇಳಿ ನಾನು ಮೇಜಿನ ಕೆಳಗಿನಿಂದ ಹೊರಗೆ ಬರುವಷ್ಟರಲ್ಲಿ ಅವ್ವ ಪುಸ್ತಕಗಳನ್ನು ಎತ್ತಿಟ್ಟಾಗಿತ್ತು.

ಒಳಗೆ ಬೇರೆ ಜಾಗವಿಲ್ಲದ್ದರಿಂದ ನನ್ನ ಮೇಜು ಈಗ ಹೊರಗೆ ಕಟ್ಟೆಯ ಮೇಲಿದೆ. ಗೋಡೆ ದಾಟುವಾಗ ಎತ್ತರದ ದನಿಗಳು ಅಡಗಿ ತಗ್ಗಿನವು ಮಾತ್ರ ಉಳಿಯುತ್ತವೆ. ಆದ್ದರಿಂದ ಒಳಗೆ ನಡೆಯುವ ಸಿನಿಮಾದ ಒಂದು ಮಾತೂ ನನಗೆ ಕೇಳಿಸುವುದಿಲ್ಲ, ಬರೀ ಬೇಸು ಕೇಳಿಸುತ್ತದೆ. ಹೋದ ಶುಕ್ರವಾರ ಮಧ್ಯಾಹ್ನ ಅದನ್ನು ಕೇಳುತ್ತ ಕೂತಿದ್ದಾಗ, ಓಣಿಯ ಕುಲಸುಂಬಿ ಚಾಚಿ ಜೋಳದ ಡಬ್ಬಿ ಹೊತ್ತು ಬಂದಳು.

"ಗಿರಣಿ ಚಾಲೂ ಐತೇನಪಾ?"

"ಇಲ್ರಿ ಚಾಚಿ, ಬಂದ್ ಐತಿ. ಕಾಕಾ ನಮಾಜಿಗಿ ಹೋಗ್ಯಾರ."

"ಗುಡುಗುಡು ಅನ್ನಾಕತ್ತೈತೆಲ್ಲಾ?"

"ಅದು ನಮ್ಮ ಮನ್ಯಾಗಿಂದ್ರಿ."

ಚಾಚಿ ನಮ್ಮ ಬಾಗಿಲನ್ನೂ ನನ್ನನ್ನೂ ಒಮ್ಮೆ ನೋಡಿ, ಡಬ್ಬಿಯನ್ನು ನನ್ನ ತೆರೆದ ಪುಸ್ತಕದ ಮೇಲೆ ಇಳಿಸಿದಳು. "ಹೆಂಗೂ ಸುಮ್ನ ಕುಂತೀದಿ. ನನ್ನದ ಮೊದಲನೇ ನಂಬರ್. ಲಕ್ಷ್ಮಣನ ಹೇಂತಿ ಗೋದಿ ತಗೊಂಡ ಹಿಂದ ಬರಾಕತ್ತಾಳ, ಆಕಿನ್ನ ನಡವ ಹೊಗಸಬ್ಯಾಡ," ಎಂದು ಹೇಳಿ ನೆರಳು ಹುಡುಕಿಕೊಂಡು ಹೋದಳು.

ಲಕ್ಷ್ಮಣನ ಹೆಂಡತಿ ಬಂದಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ನಾನು ಡಬ್ಬಿಗಳನ್ನು ಬಂದ ಕ್ರಮದಲ್ಲಿ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಅವಕ್ಕೆ ಬಿಸಿಲು ತಾಗದಂತೆ ಕುರ್ಚಿಯನ್ನು ಈಚೆ ಎಳೆದುಕೊಂಡು, ಕಾಯುತ್ತ ಕೂತೆ.