ಅಳಿಯ ತೆರೆದ ಪೋರ್ಟು

ಅತ್ತೆಯ ಹಾಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ವಿಜಯಪುರದ ಬಸ್ಸು ಹತ್ತಿದ್ದರೆ ಸತೀಶಕುಮಾರನ ಭಾನುವಾರ ಸುಖವಾಗಿ ಕಳೆಯುತ್ತಿತ್ತು. ಹೆಂಡತಿ ವಿಜಯಲಕ್ಷ್ಮೀ ಬೆಳಿಗ್ಗೆ ಹೇಳಿದ್ದೂ ಅದನ್ನೇ.

“ಟಿಕೋಟಾದಿಂದ ವಿಜಾಪುರ ಏನ್ ದೂರ ಐತ್ರಿ? ಹೋಗಿ ಕೊಟ್ಟು, ಬರೂ ಮುಂದ ಒಂದೀಟು ಕೊತಂಬ್ರಿ ತಗೊಂಡು ಬರ್ರಿ.”

ಸತೀಶಕುಮಾರ ಕನ್ನಡಕದ ಮೇಲಿಂದ ಅವಳನ್ನು ನೋಡಿದ. ಬಬಲೇಶ್ವರದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮಾಸ್ತರನಾದವನಿಗೆ ಹೇಳುವ ಮಾತೇ ಇದು?

“ಹಾಡು ಹೊತ್ಕೊಂಡು ಬಸ್ ಹತ್ತಾಕ ನಾ ಏನ್ ಟಪಾಲಿನಾಂವ ಏನು? ಕುಂತಲ್ಲಿಂದನ ಕಳಸ್ತೀನಿ. ವಿಜಾಪುರ ಅಷ್ಟ ಅಲ್ಲ, ಧಾರವಾಡ, ಕಲಬುರಗಿ, ಮೈಸೂರು, ಎಲ್ಲಾ ಕಡೆ ಒಮ್ಮೆಲೆ ಮುಟ್ಟತೈತಿ. ನೋಡ್ತಿರು.”

ಅವನ ಅತ್ತೆ ಮುರಿಗೆವ್ವ ನಿಡೋಣಿಯವಳು. ಮಗಳ ಮನೆಗೆ ಬಂದು ತಿಂಗಳಾಗಿತ್ತು. ಬೀಸುಕಲ್ಲಿನ ಮುಂದೆ ಕೂತು ಅವಳು ಬಾಯಿ ತೆರೆದರೆ ಓಣಿಯ ಹೆಂಗಸರು ಒಲೆಯ ಮೇಲಿನ ಹಾಲನ್ನೂ ಮರೆತು ನಿಲ್ಲುತ್ತಿದ್ದರು. ವಿಜಯಪುರದಲ್ಲಿ ಇರ್ಫಾನಾ ಎಂಬ ಉಪನ್ಯಾಸಕಿ ಬೀಸುವ ಪದಗಳನ್ನು ಸಂಗ್ರಹಿಸುವ ಬಳಗವೊಂದನ್ನು ಕಟ್ಟಿದ್ದಳು. ಮುರಿಗೆವ್ವನ ಹಾಡು ಸಂಜೆಯೊಳಗೆ ತಲುಪಿದರೆ ಬಳಗದವರೆಲ್ಲ ತಮ್ಮ ತಮ್ಮ ಊರಲ್ಲಿ ಒಟ್ಟಿಗೆ ಕೇಳುವುದು, ಆಮೇಲೆ ಫೋನಿನಲ್ಲೇ ಹಾಡಿದವಳನ್ನು ಗೌರವಿಸುವುದು ಎಂದು ನಿಶ್ಚಯವಾಗಿತ್ತು. ಮುರಿಗೆವ್ವ ಆಗಲೇ ಹೊಸ ಸೀರೆ ಉಟ್ಟು ಪಡಸಾಲೆಯ ಕುರ್ಚಿಯಲ್ಲಿ ಕುಳಿತುಬಿಟ್ಟಿದ್ದಳು.

ಅತ್ತೆಯ ಕಂಠದ ಬಗ್ಗೆ ಸತೀಶಕುಮಾರನಿಗೆ ಹೆಮ್ಮೆ. ಆ ಕಂಠವನ್ನು ನಾಡಿಗೆಲ್ಲ ಮುಟ್ಟಿಸುವವನು ತಾನು ಎಂಬುದರ ಬಗ್ಗೆ ಇನ್ನೂ ಹೆಚ್ಚಿನ ಹೆಮ್ಮೆ.

ಫೈಲು ಬಲು ದೊಡ್ಡದು, ಈಮೇಲಿಗೆ ಹಿಡಿಸುವಂಥದ್ದಲ್ಲ. ಅದಕ್ಕೇ ಅವನು ಫೈಲ್ ಹಂಚುವ ಸಾಫ್ಟ್‌ವೇರ್ ಒಂದನ್ನು ಆರಿಸಿದ್ದ. ಅದು ಫೈಲನ್ನು ಚೂರು ಚೂರು ಮಾಡಿ ಕಳಿಸುತ್ತದೆ. ಚೂರು ಸಿಕ್ಕವರು ಸಿಗದವರಿಗೆ ದಾಟಿಸುತ್ತಾರೆ, ಪಂಕ್ತಿಯಲ್ಲಿ ಹಪ್ಪಳದ ಬುಟ್ಟಿ ಕೈಯಿಂದ ಕೈಗೆ ಹೋದ ಹಾಗೆ. ಗುಂಡಿ ಒತ್ತಿ, ಕೈ ಕಟ್ಟಿ ಕುಳಿತ. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆಯೊಂದು ಹೊತ್ತಿಕೊಂಡಿತು. ಪೋರ್ಟ್ ಮುಚ್ಚಿದೆ. ಫೈಲು ಗಬ್ಬದ ಎಮ್ಮೆ ಏರಿ ಹತ್ತಿದಂತೆ ಹೆಜ್ಜೆಗೊಮ್ಮೆ ನಿಂತು ನಿಂತು ಸಾಗತೊಡಗಿತು.

ಚಹಾದ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಅಬ್ದುಲಗನಿ ಬಂದ. ಬಸ್ ಡ್ರೈವರಾಗಿ ನಿವೃತ್ತನಾದವನು, ನಿಂತುಹೋದ ಯಾವ ಯಂತ್ರ ಕಂಡರೂ ಸುಮ್ಮನಿರುವವನಲ್ಲ.

“ಯಾಕ್ರಿ ಮಾಸ್ತರ, ಮಾರಿ ಯಾಕ ಹಿಂಗಾಗೇತಿ?”

“ಪೋರ್ಟ್ ಬಂದ್ ಆಗೇತ್ರಿ ಕಾಕಾ.”

“ಪೋರ್ಟ್ ಅಂದ್ರ ಹಡಗ ನಿಂದ್ರೂದಲ್ಲೇನು? ನಮ್ಮೂರ ಹಳ್ಳದಾಗ ಎಮ್ಮಿ ಮೈ ತೊಳಿಯಾಕ ನೀರಿಲ್ಲ, ನೀವು ಹಡಗ ಎಲ್ಲಿಂದ ತಂದ್ರಿ?”

“ಹಂಗಲ್ರಿ. ಕಂಪ್ಯೂಟರಿಗೆ ಸಾವಿರಾರು ಬಾಗಲಾ ಇರ್ತಾವ. ಅದರಾಗ ಒಂದು ಬಾಗಲಾ ಹೊರಗಿನವ್ರಿಗೆ ತಗದಿಡಬೇಕು. ಅದು ಮುಚ್ಚೇತಿ, ಅದಕ್ಕ ಹಾಡು ಹೋಗವಲ್ದು.”

“ಸಾವಿರ ಬಾಗಲಾ ಇಟ್ಟವ್ರು ಒಂದರ ಮ್ಯಾಲರ ಬೋರ್ಡ್ ಹಾಕಬಾರದೇನು?” ಎಂದು ಅಬ್ದುಲಗನಿ ಬೇಸರಪಟ್ಟುಕೊಂಡ.

ಅವನ ಹಿಂದೆಯೇ ಬಂದಿದ್ದ ಹೆಂಡತಿ ಪೀರಾಂಬಿ ಕೆಂಪು ಚುಕ್ಕೆಯನ್ನು ನೋಡಿದ್ದೇ ಗಲ್ಲಕ್ಕೆ ಕೈಯಿಟ್ಟಳು. “ಯವ್ವಾ, ಇದು ನಜರ್ ಆದದ್ದು! ಮುರಿಗೆವ್ವಕ್ಕನ ದನಿಗೆ ಯಾರೋ ಕಣ್ಣ ಹಾಕ್ಯಾರ.” ಬೇಡ ಬೇಡ ಎನ್ನುವುದರೊಳಗೆ ಒಣಮೆಣಸಿನಕಾಯಿಯನ್ನು ಕಂಪ್ಯೂಟರಿಗೆ ಇಳಿ ತೆಗೆದು ಕೆಂಡಕ್ಕೆ ಹಾಕಿಯೂ ಬಿಟ್ಟಳು. ಘಾಟು ಮನೆಯನ್ನೆಲ್ಲ ತುಂಬಿ ಕಿಟಕಿಯಿಂದ ಹೊಗೆ ಹೊರಟಿತು.

ಕೆಮ್ಮುತ್ತ, ಕಣ್ಣೊರೆಸುತ್ತ ಕೀಲಿ ಒತ್ತುತ್ತಿದ್ದ ಸತೀಶಕುಮಾರನಿಗೆ ಆಗಲೇ ಹೊಳೆಯಿತು, ಬಾಗಿಲು ಮುಚ್ಚಿರುವುದು ಕಂಪ್ಯೂಟರಿನೊಳಗಿನ ಕಾವಲುಗೋಡೆಯೇ ಇರಬಹುದು. ಉತ್ಸಾಹದಿಂದ ಕೂಗಿದ: “ಫೈರ್‌ವಾಲ್! ಫೈರ್‌ವಾಲ್ ಐತಿ, ಲಗೂನ ಬಂದ್ ಮಾಡಬೇಕು!”

ಎದುರು ಮನೆಯ ಸಿದ್ದರಾಯ ಕಿಟಕಿಯ ಹೊಗೆ ಕಂಡ. ‘ಫೈರ್’ ಎಂಬ ಕೂಗು ಕೇಳಿದ. ‘ಬಂದ್ ಮಾಡಬೇಕು’ ಎಂಬುದೂ ಕಿವಿಗೆ ಬಿತ್ತು. ಬುದ್ಧಿವಂತ ಮನುಷ್ಯ, ಓಡಿ ಬಂದವನೇ ಮೀಟರಿನ ಮೇನ್ ಸ್ವಿಚ್ ಕೆಡವಿದ. ಕಂಪ್ಯೂಟರ್ ‘ಟುಂಯ್’ ಎಂದು ಕಣ್ಣು ಮುಚ್ಚಿತು.

“ಎಲ್ಲಾರೂ ಉಳಿದ್ರ್ಯಾ?” ಎಂದು ಹೊಸ್ತಿಲಲ್ಲಿ ಎದೆಯುಬ್ಬಿಸಿ ನಿಂತ ಸಿದ್ದರಾಯನಿಗೆ ಸತೀಶಕುಮಾರ ಕೈ ಮುಗಿದ.

ಕರೆಂಟು ಬಂದ ಮೇಲೆ ಸಾಫ್ಟ್‌ವೇರ್ ಇಡೀ ಫೈಲನ್ನು ಮತ್ತೆ ಮೊದಲಿನಿಂದ ಪರೀಕ್ಷಿಸತೊಡಗಿತು. ಕಾವಲು ತೆಗೆದರೂ ಚುಕ್ಕೆ ಕೆಂಪೇ. ಈಗ ಅವನು ಮನೆಗೆ ಇಂಟರ್ನೆಟ್ ಹಂಚುವ ರೂಟರಿನ ಹೊಟ್ಟೆಗೆ ಕೈ ಹಾಕಿದ. ಅದರಲ್ಲಿ ಬಾಗಿಲಿನ ನಂಬರು ಬರೆದು, ತನ್ನ ಕಂಪ್ಯೂಟರಿನತ್ತ ದಾರಿ ಕೊಟ್ಟು, ರೂಟರನ್ನೊಮ್ಮೆ ಆರಿಸಿ ಹಚ್ಚಿದ. ಮೇನ್ ಬಿದ್ದಾಗ ಸಹಿಸಿಕೊಂಡಿದ್ದ ಓಣಿಯ ಮಂದಿ, ರೂಟರು ಎರಡನೆಯ ಸಲ ಆರಿದ ಕ್ಷಣವೇ ಜೇನು ಎದ್ದಂತೆ ಎದ್ದು ಬಂದರು.

“ಮಾಸ್ತರ, ನೆಟ್ ಹೋತು!”

“ನನ್ನ ಧಾರಾವಾಹಿ ಅರ್ಧಕ್ಕ ನಿಂತೈತ್ರಿ!”

ಸತೀಶಕುಮಾರ ಬೆರಗಾಗಿ ನೋಡಿದ. ‘ಇಡೀ ಓಣಿಗೆ ಮೊದಲು ವೈಫೈ ತಂದಾಂವ ನಾನು’ ಎಂಬ ಅಭಿಮಾನದಲ್ಲಿ ಕೇಳಿದವರಿಗೆಲ್ಲ ಪಾಸ್‌ವರ್ಡ್ ಕೊಟ್ಟದ್ದು ತಾನೇ. ನೆಟ್ಟಿನ ವೇಗ ಸೋರಿಹೋಗುತ್ತಿದ್ದ ದಾರಿ ಈಗ ಕಣ್ಣಿಗೆ ಬಿತ್ತು. “ಸಂಜೀತನಕ ತಡೀರಿ. ಮುರಿಗೆವ್ವನ ಹಾಡು ಹೋಗೂದೈತಿ” ಎಂದು ಪಾಸ್‌ವರ್ಡ್ ಬದಲಿಸಿದ. ಮಂದಿ ಗೊಣಗಿದರು, ಆದರೆ ಮುರಿಗೆವ್ವನ ಹೆಸರಿಗೆ ಸುಮ್ಮನಾಗಿ ಅಲ್ಲೇ ಕಟ್ಟೆಯ ಮೇಲೆ ಕುಳಿತರು. ಎಮ್ಮೆ ಏರಿ ಹತ್ತಿ ಬಯಲಿಗೆ ಬಂತು. ಚುಕ್ಕೆ ಮಾತ್ರ ಕೆಂಪೇ ಇತ್ತು.

ಹೊತ್ತು ಇಳಿಯತೊಡಗಿತು. ವಿಜಯಲಕ್ಷ್ಮೀ ವಿಜಯಪುರದ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಗಂಡನ ಮುಖ ನೋಡುತ್ತಿದ್ದಳು.

ಸತೀಶಕುಮಾರ ತಲೆ ಕೆರೆದುಕೊಂಡು ಯೋಚಿಸಿದ. ಕಂಪ್ಯೂಟರಿನ ಬಾಗಿಲು ತೆರೆದಿದೆ, ರೂಟರಿನ ಬಾಗಿಲೂ ತೆರೆದಿದೆ. ರೂಟರು ತೋರಿಸುವ ಇಂಟರ್ನೆಟ್ ವಿಳಾಸವನ್ನೂ ಹೊರಗಿನವರಿಗೆ ಕಾಣುವ ವಿಳಾಸವನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಎರಡೂ ಬೇರೆ ಬೇರೆ! ತೊಡೆ ತಟ್ಟಿ, ಇಂಟರ್ನೆಟ್ ಕೇಬಲ್ಲಿನ ಜಹೀರನಿಗೆ ಫೋನು ಹಚ್ಚಿದ.

“ಜಹೀರಣ್ಣಾ, ಊರಾಗಿನ ನಿಮ್ಮ ಗಿರಾಕಿಗೆಲ್ಲಾ ಕೂಡಿ ಒಂದ ವಿಳಾಸ ಕೊಟ್ಟೀರಿ. ಹೊರಗಿಂದ ಬಂದವ್ರು ಯಾರ ಮನಿ ಬಾಗಲಾ ಬಡೀಬೇಕು? ನನಗ ಬ್ಯಾರೇ ವಿಳಾಸ ಕೊಡ್ರಿ.”

ಆ ಕಡೆ ಜಹೀರ ದಂಗಾದ. “ಮಾಸ್ತರ, ಹತ್ತು ವರ್ಷಾತು ಈ ಧಂದೆ ಮಾಡಾಕತ್ತು. ಇದನ್ನ ಕೇಳಿದ ಗಿರಾಕಿ ನೀವ ಮೊದಲಿಗರು. ತಡೀರಿ, ಮ್ಯಾಲಿನವ್ರಿಗೆ ಹೇಳಿ ಮಾಡಿಸ್ತೀನಿ.”

ಆ ಮಾತು ಎಲ್ಲರಿಗೂ ಕೇಳಲಿ ಎಂದು ಸತೀಶಕುಮಾರ ಮೊದಲೇ ಸ್ಪೀಕರ್ ಹಚ್ಚಿದ್ದ.

ತುಸು ಹೊತ್ತಿಗೆ ರೂಟರು ಕಣ್ಣು ಮಿಟುಕಿಸಿತು. ಕೆಂಪು ಚುಕ್ಕೆ ಹಸಿರಾಯಿತು. ಅಷ್ಟೇ! ಹಾಡು ಕಟ್ಟು ಕಿತ್ತ ಹೋರಿಯಂತೆ ನುಗ್ಗಿತು. ವಿಜಯಪುರಕ್ಕೆ ಮುಟ್ಟಿತು, ಧಾರವಾಡಕ್ಕೆ ಮುಟ್ಟಿತು, ಕಲಬುರಗಿಗೆ ಮುಟ್ಟಿತು, ಕಡೆಗೆ ಮೈಸೂರಿಗೂ ಮುಟ್ಟಿತು. “ಬಾಗಲಾ ತಗೀತಲೇ!” ಎಂದು ಅಬ್ದುಲಗನಿ ಕುಣಿದಾಡಿದ. ಪೀರಾಂಬಿ ಮೆಣಸಿನಕಾಯಿಯ ಮಹಿಮೆ ಹೇಳತೊಡಗಿದಳು. ಸಿದ್ದರಾಯ ತಾನು ಮೇನ್ ಕೆಡವಿದ್ದರಿಂದಲೇ ಎಲ್ಲ ಸರಿಯಾಯಿತೆಂದ. ಸತೀಶಕುಮಾರ ಯಾರಿಗೂ ಎದುರಾಡಲಿಲ್ಲ. ಗೆದ್ದವನಿಗೆ ವಾದ ಯಾಕೆ? ಅತ್ತೆಯ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ ಕುಳಿತ.

ಸಂಜೆ ಇರ್ಫಾನಾಳ ಫೋನು ಬಂತು. ಸತೀಶಕುಮಾರ ಸ್ಪೀಕರ್ ಹಚ್ಚಿದ, ಓಣಿಯೆಲ್ಲ ಸುತ್ತ ನೆರೆಯಿತು.

“ಮುರಿಗೆವ್ವಾರ, ಎಲ್ಲಾರೂ ಕೇಳಿದ್ವಿರಿ. ಕೆಲವರ ಕಣ್ಣಾಗ ನೀರ ಬಂತು. ಅದರಾಗೂ ಕಡೀಕ ಹಾಡೀರಲ್ಲ, ಅಂಥಾ ಪದ ನಮಗ ಯಾವ ಊರಾಗೂ ಸಿಕ್ಕಿದ್ದಿಲ್ಲ. ಎಲ್ಲಾರೂ ಅದನ್ನ ಮತ್ತ ಮತ್ತ ಕೇಳಾಕತ್ತಾರ. ಈಗ ನಿಮ್ಮ ಓಣಿಯವ್ರಿಗೂ ಕೇಳಸ್ತೀನಿ.”

ಮುರಿಗೆವ್ವ ಸೆರಗು ಸರಿಮಾಡಿಕೊಂಡಳು. ಸತೀಶಕುಮಾರ ಎದೆಯುಬ್ಬಿಸಿದ. ಬೀಸುಕಲ್ಲಿನ ಗುರುಗುರು, ಅದರ ಮೇಲೆ ಜೇನು ಸುರಿದಂಥ ದನಿ:

“ಬಟನ ಒತ್ತುವ ಅಳಿಯ ಬಿಂದಿಗಿ ಎತ್ತಾಕ ಒಲ್ಲ
ಕಂಪೂಟ್ರ ಮುಂದ ಕುಂತಾನ, ನನ ಮಗಳು
ನೀರ ತರತಾಳ ಒಬ್ಬಾಕಿ.

ಊರ ಮಷೀನೆಲ್ಲ ಉಪಕಾರಕ ತಿದ್ದ್ಯಾನ
ಮನಿಯಾನ ಮಿಕ್ಸರ ಕೆಟ್ಟೈತಿ, ಅಳಿಯಪ್ಪ
ಕಣ್ಣೆತ್ತಿ ಅದನ ನೋಡವಲ್ಲ.”

ಓಣಿ ಒಡೆದ ಕೆರೆಯಂತೆ ನಕ್ಕಿತು. ವಿಜಯಲಕ್ಷ್ಮೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುವಿಗೆ ಅವಳ ಹೆಗಲೆರಡೂ ಕುಣಿಯುತ್ತಿದ್ದವು. ಹಾಡಿಸುವ ದಿನ ರೆಕಾರ್ಡರ್ ಹಚ್ಚಿಟ್ಟು ತಾನು ಕಟ್ಟೆಗೆ ಹರಟೆಗೆ ಹೋದದ್ದು ಸತೀಶಕುಮಾರನಿಗೆ ಈಗ ನೆನಪಾಯಿತು. ಬಂದ ಮೇಲೂ ಮೊದಲ ಎರಡು ಪದ ಕೇಳಿ ‘ಭಾಳ ಚಲೋ’ ಎಂದು ಮುಚ್ಚಿಟ್ಟಿದ್ದ.

“ಮೇಡಂ, ಅದು... ಅದನ್ನಷ್ಟು ಅಳಿಸಿಬಿಡ್ರಿ,” ಎಂದ ಸಣ್ಣ ದನಿಯಲ್ಲಿ.

“ಯಾರ್ಯಾರ ಕಡೆ ಅಳಸಾಕ ಆಕ್ಕೈತ್ರಿ ಸರ್?” ಇರ್ಫಾನಾ ನಕ್ಕಳು. “ನಮ್ಮವರಿಂದ ಅವರ ಗೆಳ್ಯಾರಿಗೆ, ಅವರಿಂದ ಮತ್ತೊಬ್ಬರಿಗೆ ಹೊಂಟೈತಿ. ಇಷ್ಟ್ ಜೋರ್ ಹಂಚಿದ ಫೈಲ್ ನಾ ನೋಡೇ ಇಲ್ಲ ಬಿಡ್ರಿ. ಪೋರ್ಟ್ ಅಂದ್ರ ಪೋರ್ಟ್ ತಗದೀರಿ!”

ಸತೀಶಕುಮಾರ ಒಳಗೋಡಿ ರೂಟರಿನ ತಂತಿ ಕಿತ್ತ. ಕೈಯಲ್ಲಿ ಬರಿಯ ತಂತಿ ಹಿಡಿದು ನಿಂತವನಿಗೆ ಹೊರಗಿನ ಸ್ಪೀಕರಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಮುರಿಗೆವ್ವಾರ, ಇಂಥಾವು ಇನ್ನೂ ಅದಾವೇನ್ರಿ?”

ಅತ್ತೆಯ ದನಿಯಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು.

“ಅಳಿಯ ಗಟ್ಟಿಮುಟ್ಟ ಅದಾನ ಯವ್ವಾ. ಪದಕ್ಕೇನ ಕಮ್ಮಿ?”